ಹೆತ್ತವಳನ್ನು ಕಟಕಟೆಗೆ ಎಳೆಯಬಹುದೇ?

ಪ್ರಶ್ನೆ: ಮಗನ ಮೇಲೆ ಕೊಲೆ ಆರೋಪ, ತಾಯಿಯೇ ಸರ್ಕಾರದ ಪರ ಸಾಕ್ಷಿ. ಲೀಗಲ್ ಥ್ರಿಲ್ಲರ್‌ಗಳಲ್ಲಿ ಈ ಸನ್ನಿವೇಶ ಮತ್ತೆ ಮತ್ತೆ ಬರುತ್ತದೆ. ನಿಜವಾದ ನ್ಯಾಯಾಲಯದಲ್ಲಿ ‘ನಾನು ಹೇಳುವುದಿಲ್ಲ’ ಎನ್ನುವ ಹಕ್ಕು ಆಕೆಗೆ ಇಲ್ಲವೇ?

ಉತ್ತರ: ಕಥೆ ಜರ್ಮನಿಯಲ್ಲಿ ನಡೆದರೆ ಇದೆ. ಅಲ್ಲಿನ ದಂಡ ಪ್ರಕ್ರಿಯಾ ಸಂಹಿತೆಯ 52ನೇ ಸೆಕ್ಷನ್ ಹೆತ್ತವರಿಗೆ, ಮಕ್ಕಳಿಗೆ, ಒಡಹುಟ್ಟಿದವರಿಗೆ, ಅಷ್ಟೇಕೆ, ಮದುವೆ ನಿಶ್ಚಯವಾದವರಿಗೂ ಸಾಕ್ಷಿ ನುಡಿಯದಿರುವ ಹಕ್ಕು ಕೊಟ್ಟಿದೆ. ಈ ಹಕ್ಕು ಇದೆಯೆಂದು ವಿಚಾರಣೆಗೆ ಮೊದಲೇ ಅವರಿಗೆ ತಿಳಿಸಬೇಕು.

ಭಾರತದಲ್ಲಿ ನಡೆದರೆ ಇಲ್ಲ. ನಮ್ಮ ಕಾನೂನು ಹುಟ್ಟಿಬಂದ ಇಂಗ್ಲಿಷ್ ಕಾನೂನಿನ ಪರಂಪರೆ ಕರುಳಬಳ್ಳಿಗಿಂತ ತಾಳಿಗೆ ಹೆಚ್ಚು ಮಣೆ ಹಾಕಿದೆ. ನನಗಂತೂ ಇದು ವಿಚಿತ್ರವಾಗಿಯೇ ಕಾಣುತ್ತದೆ. ತಲೆಮರೆಸಿಕೊಂಡ ಅಪರಾಧಿಗೆ ಗೊತ್ತಿದ್ದೂ ಆಶ್ರಯ ಕೊಡುವುದು ಭಾರತೀಯ ನ್ಯಾಯ ಸಂಹಿತೆಯ 249ನೇ ಸೆಕ್ಷನ್ ಪ್ರಕಾರ ಅಪರಾಧ. ಹೆಂಡತಿಗೆ ಇದರಿಂದ ವಿನಾಯಿತಿ ಇದೆ, ತಾಯಿಗೆ ಇಲ್ಲ! ಒಂದೇ ಮನೆಯ ಅಟ್ಟದಲ್ಲಿ ಅವನನ್ನು ಬಚ್ಚಿಟ್ಟ ಅತ್ತೆ ಜೈಲಿಗೆ, ಸೊಸೆ ಮನೆಗೆ.

ಹಾಗೆಂದು ಸಾಕ್ಷಿ ನುಡಿಯುವ ವಿಷಯದಲ್ಲಿ ಹೆಂಡತಿಯ ರಕ್ಷಣೆಯೂ ಪೂರ್ಣವಲ್ಲ. ದಾಂಪತ್ಯದಲ್ಲಿ ಗಂಡ ಅವಳಿಗೆ ಹೇಳಿದ ಮಾತನ್ನು ಸಾಮಾನ್ಯವಾಗಿ ಹೊರಗೆಳೆಯುವಂತಿಲ್ಲ, ಆದರೆ ಅವಳು ಕಣ್ಣಾರೆ ಕಂಡದ್ದಕ್ಕೆ ಆ ಮರೆ ಇಲ್ಲ. 1954ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಕೊಲೆ ಪ್ರಕರಣವೊಂದು ಇದಕ್ಕೆ ಉದಾಹರಣೆ. ನಸುಕಿಗೆ ಮುನ್ನ, ಇನ್ನೂ ಕತ್ತಲಿರುವಾಗಲೇ, ಗಂಡ ಮಾಳಿಗೆಯಿಂದ ಇಳಿದು ಬಂದ, ಸ್ನಾನ ಮಾಡಿದ. ಹೆಂಡತಿ ಅದನ್ನು ನೋಡಿದಳು. ಒಡವೆ ತರಲು ಎಲ್ಲಿಗೆ ಹೋಗಿದ್ದೆನೆಂದು ಅವನು ಅವಳಿಗೆ ಹೇಳಿದ ಮಾತು ಸಾಕ್ಷ್ಯವಾಗಲಿಲ್ಲ; ಆ ಹೊತ್ತಲ್ಲದ ಹೊತ್ತಿನ ಸ್ನಾನ ಸಾಕ್ಷ್ಯವಾಯಿತು. ಥ್ರಿಲ್ಲರ್ ಬರೆಯುವವರು ಈ ಗೆರೆಯನ್ನು ಏಕೆ ಹೆಚ್ಚು ಬಳಸಿಕೊಳ್ಳುವುದಿಲ್ಲವೋ ಕಾಣೆ.

ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಬೇರೆ ತಿರುವು. ಗಂಡನ ವಿರುದ್ಧ ನುಡಿಯಬೇಕೋ ಬೇಡವೋ ಎಂಬ ತೀರ್ಮಾನ ಹೆಂಡತಿಯದೇ, ಅವಳ ಬಾಯಿ ಕಟ್ಟುವ ಅಧಿಕಾರ ಗಂಡನಿಗಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತು. ಆ ಪ್ರಕರಣದಲ್ಲಿ ಹೆಂಡತಿ ಬಾಯಿ ಬಿಟ್ಟದ್ದು ಅವಳ ಸಾಕ್ಷ್ಯವನ್ನು ಅವಳ ವಿರುದ್ಧವೇ ಬಳಸುವುದಿಲ್ಲ, ಅವಳೊಂದಿಗೆ ಮೃದುವಾಗಿ ನಡೆದುಕೊಳ್ಳುತ್ತೇವೆ ಎಂಬ ಭರವಸೆ ಸಿಕ್ಕ ಮೇಲೆ. ಸಂಸಾರ ಒಡೆಯಲು ಪ್ರಾಸಿಕ್ಯೂಟರ್‌ಗೆ ಅಷ್ಟು ಸಾಕು.

ಇನ್ನು ನಿಮ್ಮ ತಾಯಿ ಪಾತ್ರಕ್ಕೆ ಬರೋಣ. ಭಾರತದಲ್ಲಿ ಅವಳು ಮೌನವಾಗಿರುವಂತಿಲ್ಲ, ಆದ್ದರಿಂದ ಸುಳ್ಳು ಹೇಳುವ ಆಸೆ ಹುಟ್ಟುತ್ತದೆ. ಪೊಲೀಸರಿಗೆ ಹೇಳಿದ್ದನ್ನು ಕಟಕಟೆಯಲ್ಲಿ ಅಲ್ಲಗಳೆದರೆ, ಅವಳನ್ನು ಕರೆತಂದ ಸರ್ಕಾರಿ ವಕೀಲರೇ ಅನುಮತಿ ಪಡೆದು ಪಾಟೀಸವಾಲಿಗೆ ಇಳಿಯುತ್ತಾರೆ. ಪ್ರತಿಕೂಲ ಸಾಕ್ಷಿ ಎನಿಸಿಕೊಂಡ ಮಾತ್ರಕ್ಕೆ ಅವಳ ಹೇಳಿಕೆ ಪೂರ್ತಿ ಅಳಿಸಿಹೋಗುವುದಿಲ್ಲ. ‘ಅವನು ಆ ರಾತ್ರಿ ತಡವಾಗಿ ಬಂದ, ಅಷ್ಟೇ’ ಎಂದು ಅವಳು ಬಾಯಿತಪ್ಪಿ ಒಪ್ಪಿದ ಒಂದು ಸಾಲನ್ನು ನ್ಯಾಯಾಧೀಶರು ನಂಬಿ ಇಟ್ಟುಕೊಳ್ಳಬಹುದು.