ಪುಂಡಿ ಕಟ್ಟಿಗೆಯಿಂದ ಕಾಗದ

ರಾಯಚೂರು, ಕೊಪ್ಪಳದ ಕಡೆ ಜೋಳದ ರೊಟ್ಟಿ ಜೊತೆ ಪುಂಡಿ ಪಲ್ಯ ತಿನ್ನದ ಮನೆ ಸಿಗುವುದು ಕಷ್ಟ. ಹೊಲದ ಅಂಚಿಗೆ ನಾಲ್ಕು ಸಾಲು ಪುಂಡಿ ಹಾಕಿದರೆ ಎಲೆ ಅಡುಗೆಗೆ, ನಾರು ಹಗ್ಗಕ್ಕೆ. ನೈಲಾನ್ ಹಗ್ಗ ಬಂದ ಮೇಲೆ ನಾರು ತೆಗೆಯುವವರು ಕಡಿಮೆಯಾದರು. ಈಗ ಕಟ್ಟಿಗೆ ಸುಮ್ನೆ ಒಲೆಗೆ ಹೋಗುತ್ತದೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಯಾಕಂದ್ರೆ ಕಾಗದಕ್ಕೆ ಇಷ್ಟು ಚೆನ್ನಾಗಿ ಒಗ್ಗುವ ಬೆಳೆಗಳು ಕೆಲವೇ ಕೆಲವು.

ಅಮೆರಿಕದ ಕೃಷಿ ಇಲಾಖೆ 1950ರ ದಶಕದ ಕೊನೆಯಲ್ಲಿ ಮರದ ಬದಲು ಯಾವ ಗಿಡದಿಂದ ಕಾಗದ ಮಾಡಬಹುದು ಎಂದು ಹುಡುಕಲು ಹೊರಟಿತು. ನೂರಾರು ಜಾತಿಯ ಗಿಡಗಳನ್ನು ಪರೀಕ್ಷೆ ಮಾಡಿದರು. ಮುಂದೆ ಬಂದ ಗಿಡ ಕೆನಾಫ್, ಅಂದರೆ ನಮ್ಮ ಪುಂಡಿಯ ಒಂದು ಜಾತಿ. 1987ರಲ್ಲಿ ಕ್ಯಾಲಿಫೋರ್ನಿಯಾದ ಒಂದು ದಿನಪತ್ರಿಕೆ ಅದರ ಕಾಗದದ ಮೇಲೆ ಅಚ್ಚಾಗಿಯೂ ಬಂತು.

ಬಲಿತ ಪುಂಡಿ ಕಡ್ಡಿಯನ್ನು ಮುರಿದು ನೋಡಿ. ಒಳಗಿನ ಬಿಳಿ ಬೆಂಡು ಪಟ್ ಅಂತ ಮುರಿಯುತ್ತದೆ, ಮೇಲಿನ ಸಿಪ್ಪೆ ಮುರಿಯುವುದಿಲ್ಲ. ಎಳೆದರೆ ಉದ್ದಕ್ಕೆ ಪಟ್ಟಿಯಾಗಿ ಸುಲಿದು ಬರುತ್ತದೆ. ಸಿಪ್ಪೆಯ ಒಂದೊಂದು ಎಳೆ ಸುಮಾರು ಎರಡೂವರೆ ಮಿಲಿಮೀಟರ್ ಉದ್ದ, ಪೈನ್ ಮರದ ಎಳೆಗೆ ಹತ್ತಿರ ಹತ್ತಿರ. ಬೆಂಡಿನ ಎಳೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಉದ್ದ ಎಳೆ ಹಾಳೆಗೆ ಗಟ್ಟಿತನ ಕೊಡುತ್ತದೆ, ಗಿಡ್ಡ ಎಳೆ ಸಂದು ತುಂಬಿ ಮೈ ನುಣುಪು ಮಾಡುತ್ತದೆ. ಎರಡೂ ಒಂದೇ ಗಿಡದಲ್ಲಿವೆ, ಅದೂ ನಾಲ್ಕೈದು ತಿಂಗಳ ಬೆಳೆಯಲ್ಲಿ.

ಎಳೆಗಳು ಸೆಲ್ಯುಲೋಸ್‌ನಿಂದ ಆದವು. ಅವನ್ನು ಒಂದಕ್ಕೊಂದು ಕಚ್ಚಿ ಹಿಡಿದ ಅಂಟು ಲಿಗ್ನಿನ್. ಕಾಗದ ಮಾಡುವಾಗ ಮೊದಲು ಕಾಸ್ಟಿಕ್ ಸೋಡಾ ಹಾಕಿ ಬೇಯಿಸುವುದು ಈ ಲಿಗ್ನಿನ್ ಕರಗಿಸಲಿಕ್ಕೆ. ಪುಂಡಿ ಸಿಪ್ಪೆಯಲ್ಲಿ ಅದು ಮರಕ್ಕಿಂತ ಕಡಿಮೆ, ಹಾಗಾಗಿ ಸೋಡಾ ಕಡಿಮೆ ಸಾಕು. ಬೆಂದದ್ದನ್ನು ತೊಳೆದು, ಜಜ್ಜಿ, ತೊಟ್ಟಿಯ ನೀರಿನಲ್ಲಿ ಕಲಸಿ, ಜಾಲರಿಯಿಂದ ಎತ್ತುತ್ತಾರೆ. ನೀರು ಸೋರಿ ತೆಳ್ಳನೆ ಪದರ ಉಳಿಯುತ್ತದೆ. ಅದು ಒಣಗುತ್ತಾ ಹೋದಂತೆ ಎಳೆಗಳು ತೀರಾ ಹತ್ತಿರ ಬಂದು ಹೈಡ್ರೋಜನ್ ಬಂಧದಿಂದ, ಅಂದರೆ ಅಣುಗಳ ನಡುವಿನ ಸೆಳೆತದಿಂದ, ತಾವೇ ಹಿಡಿದುಕೊಳ್ಳುತ್ತವೆ. ಗೋಂದು ಬೇಕಿಲ್ಲ.

ಸಿಂಧನೂರು, ಗಂಗಾವತಿ ಕಡೆ ಗದ್ದೆಯಲ್ಲಿ ಸುಡುವ ನೆಲ್ಲು ಹುಲ್ಲಿನಿಂದ ಮಾಡಬಾರದಾ ಅಂತ ಯಾರಾದರೂ ಕೇಳುತ್ತಾರೆ. ಮಾಡಬಹುದು, ಆದರೆ ದೊಡ್ಡ ಕಾರ್ಖಾನೆಗೆ ಅದು ತಲೆನೋವು. ನೆಲ್ಲು ಹುಲ್ಲಿನ ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತು. ಸೋಡಾದಲ್ಲಿ ಅದೂ ಕರಗಿ, ಬೇಯಿಸಿದ ಮೇಲೆ ಉಳಿಯುವ ಕಪ್ಪು ನೀರಿಗೆ ಸೇರುತ್ತದೆ. ಕಾರ್ಖಾನೆಯವರು ಆ ನೀರನ್ನು ಕಾಯಿಸಿ ಗಟ್ಟಿ ಮಾಡಿ, ಸುಟ್ಟು, ಸೋಡಾ ವಾಪಸ್ ಪಡೆಯಬೇಕು. ಆಗ ಸಿಲಿಕಾ ಕೊಳವೆಗಳ ಒಳಗೆ ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ. ಹುಲ್ಲು ಹಗುರ, ಬರುವುದು ಸುಗ್ಗಿಯಲ್ಲಿ ಮಾತ್ರ. ವರ್ಷಕ್ಕಾಗುವಷ್ಟು ಬಣವೆ ಒಟ್ಟಿ, ಮಳೆ ಬೆಂಕಿಯಿಂದ ಕಾಯುವುದು ಸಣ್ಣ ಕೆಲಸ ಅಲ್ಲ. ಕಬ್ಬಿನ ಸಿಪ್ಪೆ ಹಾಗಲ್ಲ, ಸಕ್ಕರೆ ಕಾರ್ಖಾನೆಯಲ್ಲೇ ರಾಶಿ ಬಿದ್ದಿರುತ್ತದೆ. ತಮಿಳುನಾಡಿನ ಕರೂರು ಬಳಿಯ ಸರ್ಕಾರಿ ಕಾಗದ ಕಾರ್ಖಾನೆ 1980ರ ದಶಕದಿಂದ ಮುಖ್ಯವಾಗಿ ಅದನ್ನೇ ನೆಚ್ಚಿಕೊಂಡಿದೆ.

ಪುಂಡಿಗೂ ದೊಡ್ಡ ಕಾರ್ಖಾನೆಯ ಕನಸು ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕೈಕಾಗದದ ಸಣ್ಣ ಘಟಕ ಸಾಕು: ಲಗ್ನಪತ್ರಿಕೆ, ಫೈಲು, ಚೀಲ. ಆನೆಗುಂದಿಯಲ್ಲಿ ಬಾಳೆ ನಾರಿನಿಂದ ಬುಟ್ಟಿ, ಚೀಲ ಹೆಣೆಯುವ ಹೆಣ್ಣುಮಕ್ಕಳಿದ್ದಾರೆ. ನಾರಿನ ಗುಣ ಬಲ್ಲ ಕೈಗಳು ಇಲ್ಲೇ ಇವೆ ಅಲ್ವಾ? ಆದರೆ ತೊಳೆದ ಸೋಡಾ ನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ. ಶುದ್ಧ ಮಾಡುವ ಖರ್ಚನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಬೇಕು.

ಬೆಳೆಯುವಾಗಲೂ ಒಂದು ಎಚ್ಚರ ಬೇಕು. ಪಲ್ಯಕ್ಕೆಂದು ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ, ನಾರಿನ ಉದ್ದಕ್ಕೆ ಅಡ್ಡಿ. ಕಾಗದಕ್ಕೆ ಬೇಕಾದದ್ದು ನೇರ ಕಡ್ಡಿ. ಅದಕ್ಕೆ ಬೀಜ ಒತ್ತಾಗಿ ಬಿತ್ತಿ, ಕುಡಿ ಮುಟ್ಟದೆ, ಹೂ ಬಿಡುವ ಹೊತ್ತಿಗೆ ಕೊಯ್ಯಬೇಕು. ಪಲ್ಯದ ಸಾಲು ಬೇರೆ, ಮನೆಗೆ ಹತ್ತಿರ ಇರಲಿ.