ಪಾರಿಜ್‌ನಲ್ಲಿ ಗಂಟು ಕಟ್ಟಿಸುವುದು ಸೈತಾನನಲ್ಲ

ಸ್ಕಾಟ್ಲೆಂಡಿನ ಹಳೆಯ ಅಡುಗೆಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಪಾರಿಜ್, ಅಂದರೆ ಓಟ್ಸ್ ಗಂಜಿಯನ್ನು ಬಲಗೈಯಲ್ಲೇ ತಿರುವಬೇಕು, ಅದೂ ಪ್ರದಕ್ಷಿಣೆಯಾಗಿ. ತಪ್ಪಿದರೆ ಸೈತಾನ ಬರುತ್ತಾನಂತೆ! ದಿಕ್ಕಿಗೂ ಗಂಜಿಗೂ ಎತ್ತಣ ಸಂಬಂಧ? ಆದರೆ ಅದೇ ಅಜ್ಜಿಯರ ಎಡಗೈ ಮಾಡುತ್ತಿದ್ದ ಕೆಲಸ ಮಾತ್ರ ಪಕ್ಕಾ ವಿಜ್ಞಾನ. ಕುದಿಯುವ ನೀರಿಗೆ ಓಟ್ಸ್ ಹಿಟ್ಟನ್ನು ತುಂತುರು ಮಳೆಯ ಹಾಗೆ ಉದುರಿಸುತ್ತಿತ್ತು.

ಒಂದೇ ಸಲ ಸುರಿದರೆ? ಗಂಟು. ಮುದ್ದೆ ತೊಳಸಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಆ ಗಂಟನ್ನು ಒಡೆದು ನೋಡಿದ್ದೀರಾ? ಸುತ್ತ ಅಂಟು, ಒಳಗೆ ಒಣ ಹಿಟ್ಟು. ಕುದಿನೀರಲ್ಲಿ ಮುಳುಗಿದ್ದರೂ ಒಣ!

ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರು ಕುಡಿದು ಊದಿಕೊಳ್ಳುತ್ತವೆ. ರಾಶಿಯ ಹೊರಗಿನ ಕಣಗಳಿಗೆ ನೀರು ಮೊದಲು ಸಿಗುತ್ತದೆ. ಅವು ಊದಿ, ಒಂದಕ್ಕೊಂದು ಒತ್ತಿಕೊಂಡು, ದಾರಿ ಮುಚ್ಚುತ್ತವೆ. ಬಸ್ಸಿನ ಬಾಗಿಲಲ್ಲೇ ನಿಂತುಬಿಡುತ್ತಾರಲ್ಲ, ಹಾಗೆ. ಒಳಗೆ ಜಾಗ ಇದೆ, ಕೆಳಗಿದ್ದವರು ಹತ್ತುವಂತಿಲ್ಲ. ಇಲ್ಲವೇ ಮಳೆಗಾಲದಲ್ಲಿ ಊದಿ ಕಚ್ಚಿಕೊಂಡ ಮರದ ಬಾಗಿಲು ಅನ್ನಿ. ಬಿಡಿಬಿಡಿಯಾಗಿ ಬಿದ್ದ ಕಣಕ್ಕೆ ಅಡ್ಡ ನಿಲ್ಲುವವರೇ ಇಲ್ಲ.

ತಿರುವುವ ಕೋಲಿಗೆ ಅಲ್ಲಿ ಸ್ಪರ್ಟಲ್ ಎಂದು ಹೆಸರು. ನಮ್ಮ ಮುದ್ದೆ ಕೋಲಿನ ತಮ್ಮ ಅನ್ನಬಹುದು. ಕಾರ್‌ಬ್ರಿಜ್ ಎಂಬ ಹಳ್ಳಿಯಲ್ಲಿ 1994ರಲ್ಲಿ ಶುರುವಾದ ವಿಶ್ವ ಪಾರಿಜ್ ಸ್ಪರ್ಧೆಯ ಬಹುಮಾನದ ಹೆಸರೇ 'ಚಿನ್ನದ ಸ್ಪರ್ಟಲ್'.

ಪಾರಿಜ್ ಅನ್ನುವ ಹೆಸರೂ ಬಾಯಲ್ಲಿ ಬೆಂದು ಮೆತ್ತಗಾದದ್ದೇ. ಮೂಲ ಪದ 'ಪಾಟೇಜ್', ಅಂದರೆ ಪಾಟ್‌ನಲ್ಲಿ, ಮಡಕೆಯಲ್ಲಿ, ಬೆಂದದ್ದು. ಅದರಲ್ಲಿ ಸೊಪ್ಪು, ಕಾಳು, ಮಾಂಸ ಏನು ಬೇಕಾದರೂ ಇರಬಹುದಿತ್ತು. 16ನೇ ಶತಮಾನದ ಹೊತ್ತಿಗೆ 'ಟ' ಸವೆದು 'ರ' ಆಯಿತು. ಸುಮ್ನೆ ಒಮ್ಮೆ ಬೇಗ ಬೇಗ 'ಪಾಟೇಜ್, ಪಾಟೇಜ್' ಅಂತಲೇ ಇರಿ. ನಾಲಿಗೆಗೆ 'ಟ'ದ ಹತ್ತಿರ ನಿಲ್ಲಲು ಪುರುಸೊತ್ತಿಲ್ಲ. ಸುಮ್ಮನೆ ತಟ್ಟಿ ಓಡುತ್ತದೆ. ಮೊದಲು 'ಡ' ಕೇಳುತ್ತದೆ, ಇನ್ನೂ ಜೋರಾಗಿ ಓಡಿದರೆ 'ರ'. ನಡುವಿನ ಮೆಟ್ಟಿಲು ಇವತ್ತಿಗೂ ಉಳಿದಿದೆ. ಉತ್ತರ ಇಂಗ್ಲೆಂಡಿನ ಕಂಬ್ರಿಯಾ ಕಡೆಯ ಹಳೆಯ ಮಾತಿನಲ್ಲಿ ಇದು 'ಪಾಡಿಶ್'.

ಸ್ಕಾಟರದ್ದು 'ಪಾರಿಚ್'. ಹಳಬರು ಅದಕ್ಕೆ ಬಹುವಚನ ಹಚ್ಚುತ್ತಿದ್ದರು. 'ಗಂಜಿ ಬಿಸಿ ಇದೆ' ಅಲ್ಲ, 'ಬಿಸಿ ಇವೆ'! ಗಂಟು ಎಣಿಸಿ ಹೇಳಿದ್ದಲ್ಲ ತಾನೆ?