ಚಿಪ್ಪು ಕಳಚಿಟ್ಟು ಬಂದ ಬಸವನಹುಳು

ಪ್ರಶ್ನೆ: ಮಳೆ ಶುರುವಾದಾಗಿನಿಂದ ನಮ್ಮ ಬಚ್ಚಲಮನೆ ಮೂಲೆಯಲ್ಲಿ ಚಿಪ್ಪಿಲ್ಲದ ಬಸವನಹುಳು ಕಾಣಿಸುತ್ತಿದೆ. ಇದು ಚಿಪ್ಪು ಕಳಚಿಟ್ಟು ಬಂದದ್ದಾ? ಖಾಲಿ ಚಿಪ್ಪು ಸಿಕ್ಕಿದರೆ ಮತ್ತೆ ಒಳಗೆ ಹೋಗುತ್ತದಾ?

ಪ್ರತಿ ಮುಂಗಾರಿಗೂ ಈ ಪ್ರಶ್ನೆ ಬರುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಉತ್ತರವೂ ಅದೇ. ಅದು ಕಳಚಿಟ್ಟು ಬಂದದ್ದಲ್ಲ. ಯಾವ ಚಿಪ್ಪು ಕೊಟ್ಟರೂ ಒಳಗೆ ಹೋಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸಿದರೆ ‘ಇಲ್ಲ ಸಾರ್, ನಾನೇ ಕಣ್ಣಾರೆ ನೋಡಿದ್ದೇನೆ’ ಎಂದು ಇನ್ನೊಂದು ಪತ್ರ ಬರುತ್ತದೆ. ನೀವು ನೋಡಿದ್ದೇನು? ಒಂದು ಕಡೆ ಖಾಲಿ ಚಿಪ್ಪು, ಪಕ್ಕದಲ್ಲೇ ಬರಿಮೈಯ ಹುಳು. ನಡುವಿನ ಕಥೆ ನೀವೇ ಕಟ್ಟಿದ್ದು. ದಾರಿಯಲ್ಲಿ ಒಂದು ಚಪ್ಪಲಿ ಬಿದ್ದಿದ್ದರೆ, ಪಕ್ಕದಲ್ಲಿ ಬರಿಗಾಲಲ್ಲಿ ಹೋಗುವವನದ್ದೇ ಆಗಬೇಕೆಂದೇನೂ ಇಲ್ಲ, ಅಲ್ವಾ?

ತಪ್ಪೆಲ್ಲ ‘ಮನೆ’ ಎನ್ನುವ ಮಾತಿನದ್ದು. ಬಸವನಹುಳು ಮನೆ ಹೊತ್ತು ತಿರುಗುತ್ತದೆ ಎಂದು ಮಕ್ಕಳಿಗೆ ನಾವೇ ಹೇಳಿಕೊಡುತ್ತೇವೆ. ಮನೆ ಎಂದಮೇಲೆ ಖಾಲಿ ಮಾಡಬಹುದು, ಬಾಡಿಗೆಗೆ ಬೇರೆಯದನ್ನು ಹಿಡಿಯಬಹುದು. ಹರ್ಮಿಟ್ ಏಡಿ ಮಾಡುವುದು ಅದನ್ನೇ. ಸತ್ತ ಕಡಲ ಬಸವನಹುಳುವಿನ ಚಿಪ್ಪಿನಲ್ಲಿ ಸೇರಿಕೊಳ್ಳುತ್ತದೆ, ಮೈ ದೊಡ್ಡದಾದಾಗ ದೊಡ್ಡ ಚಿಪ್ಪು ಹುಡುಕುತ್ತದೆ. ಅದು ಏಡಿ. ಬಸವನಹುಳುವಿಗೆ ಚಿಪ್ಪು ಮನೆಯಲ್ಲ, ಮೈಯ ಭಾಗ.

ಒಂದು ಕೆಲಸ ಮಾಡಿ. ತೋಟದಲ್ಲಿ ಹಳೆಯ ಖಾಲಿ ಚಿಪ್ಪು ಸಿಕ್ಕಿದರೆ ಒರಟು ಕಲ್ಲಿನ ಮೇಲೆ ಅದರ ಒಂದು ಬದಿಯನ್ನು ತೇಯುತ್ತಾ ಹೋಗಿ. ಹತ್ತಿಪ್ಪತ್ತು ನಿಮಿಷದಲ್ಲಿ ಒಳಗಿನದು ಕಾಣುತ್ತದೆ. ತುದಿಯಿಂದ ಬಾಯಿಯವರೆಗೆ ನಡುವೆ ಒಂದು ಕಂಬ, ಅದರ ಸುತ್ತ ಸುರುಳಿಯಾಗಿ ಇಳಿಯುವ ಒಂದೇ ಕೊಳವೆ. ಜೀವ ಇದ್ದಾಗ ಆ ಕಂಬಕ್ಕೆ ಹುಳುವಿನ ಒಂದು ಗಟ್ಟಿ ಸ್ನಾಯು ಅಂಟಿಕೊಂಡಿರುತ್ತದೆ. ಮುಟ್ಟಿದ ತಕ್ಷಣ ಮೈಯನ್ನು ಒಳಗೆ ಎಳೆದುಕೊಳ್ಳುವುದು ಅದೇ. ಹೃದಯ, ಉಸಿರಾಟದ ಚೀಲ, ಮೂತ್ರಪಿಂಡ ಎಲ್ಲ ಇರುವುದು ಈ ಸುರುಳಿಯೊಳಗೆ. ಹೊರಗೆ ಕಾಣುವುದು ತಲೆ ಮತ್ತು ಪಾದ ಅಷ್ಟೇ. ಚಿಪ್ಪಿನಿಂದ ಎಳೆದು ತೆಗೆದರೆ ಹುಳು ಬರಿಮೈಯಾಗುವುದಿಲ್ಲ, ಸಾಯುತ್ತದೆ.

ಇನ್ನು ತುದಿಯ ಆ ಸಣ್ಣ ಸುತ್ತು ನೋಡಿ. ಅದು ಹುಳುವಿನ ಬಾಲ್ಯ. ಮೊಟ್ಟೆಯಿಂದ ಹೊರಬರುವಾಗಲೇ ಬೆನ್ನ ಮೇಲೆ ಅಷ್ಟು ಚಿಪ್ಪು ಇರುತ್ತದೆ. ಆಮೇಲೆ ಮೈಯ ಮೇಲಿನ ಮೆತ್ತನೆಯ ಹೊದಿಕೆ ಚಿಪ್ಪಿನ ಬಾಯಂಚಿಗೆ ಸುಣ್ಣ ಸೇರಿಸುತ್ತಾ ಹೋಗುತ್ತದೆ. ಹಳೆಯದನ್ನು ಬಿಸಾಡುವ ಮಾತೇ ಇಲ್ಲ. ಆ ಸುಣ್ಣಕ್ಕಾಗಿಯೇ ದೊಡ್ಡ ಆಫ್ರಿಕನ್ ಬಸವನಹುಳು ರಾತ್ರಿ ಗೋಡೆ ಹತ್ತಿ ಸುಣ್ಣದ ಬಣ್ಣ ಕೆರೆದು ತಿನ್ನುವುದು. ಅಡಿಕೆ, ಕಾಫಿ ತೋಟದವರಿಗೆ ಇದರ ಕಾಟ ನಾನು ಹೇಳಬೇಕಿಲ್ಲ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಚಿಪ್ಪಿನ ಹುಚ್ಚಿನ ಸಾಹೇಬ ಇದನ್ನು ಮಾರಿಷಸ್‌ನಿಂದ ಕಲ್ಕತ್ತಕ್ಕೆ ತಂದು ಬಿಟ್ಟ.

ಅಂದಹಾಗೆ, ‘ಖಾಲಿ’ ಎಂದು ನೀವು ತೀರ್ಮಾನಿಸಿದ ಚಿಪ್ಪು ಖಾಲಿಯೇ ಇರಬೇಕಿಲ್ಲ. ಈಜಿಪ್ಟಿನ ಮರುಭೂಮಿಯ ಒಂದು ಬಸವನಹುಳುವನ್ನು ಸತ್ತಿದೆ ಎಂದುಕೊಂಡು 1846ರಲ್ಲಿ ಬ್ರಿಟಿಷ್ ಮ್ಯೂಸಿಯಂನವರು ರಟ್ಟಿಗೆ ಅಂಟಿಸಿಟ್ಟಿದ್ದರು. 1850ರಲ್ಲಿ ಯಾರಿಗೋ ಅನುಮಾನ ಬಂತು. ಬೆಚ್ಚನೆ ನೀರಿಗೆ ಹಾಕಿದರೆ ತಲೆ ಹೊರಗೆ ಬಂತು!

ಸರಿ, ನಿಮ್ಮ ಬಚ್ಚಲಿನ ಹುಳು ಯಾವುದು? ಕಪ್ಪಗೆ, ಚಪ್ಪಟೆಯಾಗಿ, ಬೆನ್ನ ಉದ್ದಕ್ಕೂ ಒಂದು ತಿಳಿ ಗೆರೆ ಇದ್ದರೆ ಬಹುಶಃ ಅದೂ ಆಫ್ರಿಕಾ ಮೂಲದ್ದೇ. ಅದಕ್ಕೆ ಮೊಟ್ಟೆಯೊಡೆದು ಬರುವಾಗಲೂ ಚಿಪ್ಪಿಲ್ಲ, ಮುದಿಯಾದಾಗಲೂ ಇಲ್ಲ. ದಯವಿಟ್ಟು ಉಪ್ಪು ಹಾಕಬೇಡಿ. ಕಾಗದದಲ್ಲಿ ಎತ್ತಿ ಹೊರಗೆ ಬಿಟ್ಟರೆ ಸಾಕು.

ಚಿಪ್ಪು ಬಿಟ್ಟದ್ದು ಈ ಹುಳು ಅಲ್ಲ, ಅದರ ವಂಶ. ಅದೂ ಒಂದು ದಿನದಲ್ಲಲ್ಲ, ಲಕ್ಷಾಂತರ ತಲೆಮಾರುಗಳಲ್ಲಿ. ನಡುವಿನ ಹಂತ ಹೇಗಿದ್ದೀತು ಎಂದು ಊಹಿಸಬೇಕಾಗಿಯೂ ಇಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲೇ ಇಂಡ್ರೆಲ್ಲ ಎಂಬ ಬಸವನಹುಳು ಇದೆ. ಬಣ್ಣದ ದಪ್ಪ ಮೈ, ಬೆನ್ನ ಮೇಲೆ ಚಿಪ್ಪು ಇದೆ, ಆದರೆ ಮೈ ಪೂರ್ತಿ ಅದರೊಳಗೆ ಹಿಡಿಸುವುದಿಲ್ಲ. ಅದೇ ಘಟ್ಟದ ಮರಿಯೆಲ್ಲ ಎಂಬುದರಲ್ಲಿ ಚಿಪ್ಪು ಚಪ್ಪಟೆ ಬಿಲ್ಲೆಯಾಗಿ ಮೈಹೊದಿಕೆಯ ಕೆಳಗೆ ಅಡಗಿದೆ. ಇವು ಒಂದರಿಂದ ಒಂದು ಹುಟ್ಟಿದವು ಎಂದಲ್ಲ. ಬೇರೆ ಬೇರೆ ವಂಶಗಳು ಬೇರೆ ಬೇರೆ ಕಾಲದಲ್ಲಿ, ತಮ್ಮ ತಮ್ಮ ಪಾಡಿಗೆ, ಇದೇ ದಾರಿ ಹಿಡಿದಿವೆ.

‘ಹಾಗಾದರೆ ವಿಕಾಸ ಹಿಂದಕ್ಕೆ ಹೋಯಿತಾ?’ ಎಂದು ಕೇಳುವವರಿದ್ದಾರೆ. ಹಿಂದೆ ಮುಂದೆ ಎನ್ನಲು ಅದೇನು ಬಸ್ಸಲ್ಲ. ಧೋ ಎಂದು ಮಳೆ ಸುರಿಯುವ ಕಾಡಿನ ಮಣ್ಣಿನಲ್ಲಿ ಸುಣ್ಣ ಕಡಿಮೆ. ಚಿಪ್ಪು ಕಟ್ಟುವುದು ದುಬಾರಿ. ಅಂಥ ಕಡೆ ಚಿಪ್ಪು ಸಣ್ಣದಾದರೆ ಉಳಿತಾಯ, ತೊಗಟೆಯ ಸಂದಿಗೂ ನುಗ್ಗಬಹುದು. ಬಿಸಿಲಿಗೆ ಬಿದ್ದರೆ ಮಾತ್ರ ಒಣಗಿ ಸಾವು. ಅದಕ್ಕೇ ಅವು ಮಳೆಗಾಲದಲ್ಲಿ, ಅದೂ ಬಚ್ಚಲಿನಂಥ ಜಾಗದಲ್ಲಿ ಜಾಸ್ತಿ ಕಾಣುವುದು.

ಒಂದು ಕಡೆ ಮಾತ್ರ ನಿಮಗೆ ಅರ್ಧ ಅಂಕ ಕೊಡುತ್ತೇನೆ. ಕಡಲಲ್ಲಿ ನ್ಯೂಡಿಬ್ರ್ಯಾಂಕ್ ಎಂಬ ಬಣ್ಣಬಣ್ಣದ ಚಿಪ್ಪಿಲ್ಲದ ಜೀವಿಗಳಿವೆ. ನೀರಲ್ಲಿ ತೇಲುವ ಅವುಗಳ ಮರಿಗೆ ಪುಟ್ಟ ಚಿಪ್ಪು ಇರುತ್ತದೆ. ದೊಡ್ಡದಾಗುವ ಹೊತ್ತಿಗೆ ಅದನ್ನು ನಿಜಕ್ಕೂ ಕಳಚಿ ಬಿಡುತ್ತವೆ. ಆದರೆ ನಿಮ್ಮ ಬಚ್ಚಲು ಸಮುದ್ರವಲ್ಲ.

ಚಿಪ್ಪು ತೇಯುವಾಗ ಇನ್ನೊಂದನ್ನೂ ಗಮನಿಸಿ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಸುರುಳಿ ಯಾವ ಕಡೆಗೆ? ತುದಿ ಮೇಲೆ ಮಾಡಿ, ಬಾಯಿಯನ್ನು ನಿಮ್ಮ ಕಡೆ ತಿರುಗಿಸಿ. ಬಾಯಿ ಬಲಕ್ಕಿದ್ದರೆ ವಿಜ್ಞಾನದವರಿಗೆ ಅದು ಬಲಸುರುಳಿ. ಬಹುಪಾಲು ಬಸವನಹುಳುಗಳು ಹೀಗೇ. ಶಂಖವೂ ಹೀಗೇ. ಪೂಜೆಯವರು ಶಂಖವನ್ನು ತಲೆಕೆಳಗಾಗಿ ಹಿಡಿದು ನೋಡುವುದರಿಂದ ಅವರಿಗೆ ಅದು ಎಡಮುರಿ. ಅಪರೂಪಕ್ಕೆ ಸಿಗುವ, ಭಾರಿ ಬೆಲೆಯ ಬಲಮುರಿ ಶಂಖ ವಿಜ್ಞಾನದ ಲೆಕ್ಕದಲ್ಲಿ ಎಡಸುರುಳಿ! ಇದರಲ್ಲಿ ಮೋಸವೂ ಉಂಟು. ಅಮೆರಿಕದ ಕಡಲಿನ ಒಂದು ಜಾತಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಎಡಸುರುಳಿಯೇ. ಅದನ್ನೇ ಬಲಮುರಿ ಶಂಖ ಎಂದು ಮಾರುತ್ತಾರೆ. ಬಾಯಿಯೊಳಗೆ ನಡುಗಂಬದ ಮೇಲೆ ಬೆರಳಾಡಿಸಿ. ನಿಜವಾದ ಶಂಖಕ್ಕೆ ಅಲ್ಲಿ ಮೂರುನಾಲ್ಕು ಏಣುಗಳಿರುತ್ತವೆ, ಅಮೆರಿಕದ್ದಕ್ಕೆ ಇಲ್ಲ.

ಎಡಸುರುಳಿ ಏಕೆ ಅಪರೂಪ? ನೆಲದ ಮೇಲಿನ ಬಹುಪಾಲು ಬಸವನಹುಳುಗಳಲ್ಲಿ ಹೆಣ್ಣುಗಂಡು ಎರಡೂ ಒಂದೇ ಮೈಯಲ್ಲಿದ್ದರೂ ಕೂಡಲು ಜೊತೆ ಬೇಕು. ಎಡದ್ದಕ್ಕೆ ಅಂಗಗಳೂ ಇನ್ನೊಂದು ಬದಿಗಿರುವುದರಿಂದ ಬಲದ್ದರ ಜೊತೆ ಹೊಂದುವುದು ಕಷ್ಟ. ಆದರೂ ಜಪಾನಿನ ದಕ್ಷಿಣದ ದ್ವೀಪಗಳಲ್ಲಿ ಎಡಸುರುಳಿಗಳು ಉಳಿದಿವೆ. ಕಾರಣ ಒಂದು ಹಾವು. ಪೇರಿಯಾಸ್ ಇವಾಸಾಕಿ ಎಂದು ಹೆಸರು, ಬಸವನಹುಳುವೇ ಅದರ ಊಟ. ಕೆಳದವಡೆಯ ಎಡಕ್ಕೆ ಸುಮಾರು 18 ಹಲ್ಲು, ಬಲಕ್ಕೆ ಸುಮಾರು 25. ಮಸಾಕಿ ಹೋಸೊ ಎಂಬ ವಿಜ್ಞಾನಿ ಮತ್ತು ಜೊತೆಗಾರರು 2007ರಲ್ಲಿ ಇದನ್ನು ತೋರಿಸಿದರು. ಬಲಸುರುಳಿಯ ಹುಳುವನ್ನು ಚಿಪ್ಪಿನಿಂದ ಎಳೆದು ತೆಗೆಯಲೆಂದೇ ಆ ದವಡೆ ಹೊಂದಿಕೊಂಡಿದೆ. ಎಡಸುರುಳಿ ಸಿಕ್ಕಿದರೆ ಹಿಡಿತ ಸರಿಯಾಗಿ ಸಿಗುವುದಿಲ್ಲ. ಜಾರಿ ಬಿದ್ದ ಹುಳು ಒಂದಷ್ಟು ಹೊತ್ತು ಒಳಗೇ ಮುದುಡಿಕೊಂಡಿದ್ದು, ಆಮೇಲೆ ಕೊಂಬು ಚಾಚಿ ತನ್ನ ಪಾಡಿಗೆ ತೆವಳಿ ಹೋಗುತ್ತದೆ.